ಯಲ್ಲವ್ವ ಹೇಳಿ ಕಳಿಸಿದ ಮಾತು

ಸಭೆಯಲ್ಲಿ ಹೇಳಿ ಎಂದು ಯಲ್ಲವ್ವ ನನಗೆ ಒಪ್ಪಿಸಿದ ಮಾತನ್ನು ನಾನು ಹೇಳಲಿಲ್ಲ. ಹೇಳಿದ್ದೇನೆ ಎಂದು ಆಮೇಲೆ ಅವಳ ಮುಖ ನೋಡಿಕೊಂಡೇ ಸುಳ್ಳು ಹೇಳಿದೆ. ಇಷ್ಟೇ ನನ್ನ ತಪ್ಪು — ಇಷ್ಟೇ ಎಂದು ಬರೆಯಲೂ ನಾಚಿಕೆಯಾಗುತ್ತದೆ. ಪರ್ಕಳದ ಆ ಗೋಳಿಮರದ ಸುತ್ತ ಇವತ್ತು ನಿಂತಿರುವ ಕಬ್ಬಿಣದ ಬೇಲಿ ಅದರಿಂದಲೇ ಬಂದದ್ದು.

ಆಗ ನಾನು ಆರ್ಕಿಟೆಕ್ಚರ್ ಓದುತ್ತಿದ್ದೆ, ಪರ್ಕಳದಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದೆ. ಊರಿನವರ ಜೊತೆ ಕೂತು ಮರದಡಿಯ ಜಾಗವನ್ನು ಚಂದ ಮಾಡಬೇಕು, ನಕ್ಷೆ ಅವರ ಬಾಯಿಂದಲೇ ಬರಬೇಕು ಎಂಬುದು ನಮ್ಮ ತಂಡಕ್ಕೆ ಕೊಟ್ಟ ಕೆಲಸ. ತಂಡದ ಉಳಿದವರೆಲ್ಲ ಹೊರರಾಜ್ಯದವರು, ನಮ್ಮ ಕಾಲೇಜಿನ ಮೇಡಂ ಕೂಡ. ತುಳು, ಕನ್ನಡ ಎರಡೂ ಬರುವವಳು ನಾನೊಬ್ಬಳೇ. ಎಲ್ಲರ ಮಾತೂ ನನ್ನ ಬಾಯಿಂದ ದಾಟಬೇಕಿತ್ತು. ನನಗೋ ಅದರ ಜಂಬ ಬೇರೆ!

ಮರದ ಕಟ್ಟೆಯಲ್ಲಿ ಬೆಳಿಗ್ಗೆ ಕೂಲಿಯವರು ಸೇರುತ್ತಿದ್ದರು, ಉತ್ತರ ಕರ್ನಾಟಕದ ಕಡೆಯವರು. ಜನ ಬೇಕಾದವರು ಪಿಕಪ್ ತಂದು ಅಲ್ಲೇ ನಿಲ್ಲಿಸಿ ಅವರನ್ನು ಹತ್ತಿಸಿಕೊಂಡು ಹೋಗುತ್ತಿದ್ದರು. ಅವರಲ್ಲಿ ಯಲ್ಲವ್ವ ಹಿರಿಯಳು. ಇಲ್ಲಿಗೆ ಬಂದು ಹೆಚ್ಚು ಕಾಲ ಆಗಿರಲಿಲ್ಲ, ತುಳು ಒಂದಕ್ಷರ ತಿಳಿಯದು. ನಿಮಗೆ ಎಂತ ಬೇಕು ಎಂದು ನಾನು ಕೇಳಿದಾಗ ಹೇಳಿದಳು — “ಏನ್ ಬೇಕಾದ್ರೂ ಮಾಡ್ರಿ ಅಕ್ಕಾರ, ಈ ಕಟ್ಟಿ ಒಂದು ಬಿಡ್ರಿ. ಇಲ್ಲಿ ಕುಂತ್ರ ನಮಗ ಕೆಲಸ ಸಿಗ್ತದ. ಬ್ಯಾರೆ ಕಡೆ ನಿಂತ್ರ ನಮ್ಮನ್ನ ಯಾರ್ ಹುಡುಕ್ತಾರ? ಸಭಾದಾಗ ಇಷ್ಟು ಹೇಳ್ರಿ.” ಹೇಳುತ್ತೇನೆ ಎಂದೆ. ಮನಸ್ಸಿಟ್ಟೇ ಹಾಗೆಂದೆ.

ಸಭೆ ಶಾಲೆಯ ಜಗಲಿಯಲ್ಲಿ ಸೇರಿತು. ನಡುವೆ ನಾವು ಮಾಡಿದ ರಟ್ಟಿನ ಮಾದರಿ. ಎಲ್ಲಿ ಬೆಂಚು, ಎಲ್ಲಿ ದೀಪ ಎಂದು ಊರಿನವರೇ ಎತ್ತಿ ಇಡುತ್ತಿದ್ದರು, ಮಾತೆಲ್ಲ ತುಳುವಿನಲ್ಲಿ. ಯಲ್ಲವ್ವ ಕೆಲಸ ಮುಗಿಸಿ ಬಂದು ಹಿಂದೆ ಗೋಡೆಗೊರಗಿ ಕೂತಿದ್ದಳು. ಮುಂದಿನ ಸಾಲಿನಲ್ಲಿದ್ದ ದೊಡ್ಡಪ್ಪ ಎದ್ದು, “ಕಂಡಕಂಡವರು ಬಂದು ಎಲೆ ತಿಂದು ಉಗಿಯುವ ಜಾಗ ಆಗುವುದು ಬೇಡ, ಸುತ್ತ ಒಂದು ಬೇಲಿ ಹಾಕುವ, ಅಲ್ವಾ?” ಎಂದು ತುಳುವಿನಲ್ಲೇ ಕೇಳಿದರು. ತಲೆಗಳು ಆಡಿದವು. ಈಗ ನಾನು ಹೇಳಬೇಕು — ಎದ್ದು ನಿಂತೆ. ಮರದ ಕಡೆ ಕೈ ತೋರಿಸಿದೆ. ಹೂವಿನ ಗಿಡಗಳ ಬಗ್ಗೆ, ನೆಲಕ್ಕೆ ಹಾಸುವ ಕಲ್ಲಿನ ಬಗ್ಗೆ ತುಳುವಿನಲ್ಲಿ ಚೆನ್ನಾಗಿಯೇ ಮಾತಾಡಿದೆ. ಕೂತೆ. ಎಲ್ಲರಿಗೂ ಒಪ್ಪಿಗೆ ಉಂಟು ಎಂದು ಮೇಡಂಗೆ ಇಂಗ್ಲಿಷಿನಲ್ಲಿ ಹೇಳಿದೆ.

ಹೊರಗೆ ಬರುವಾಗ ಯಲ್ಲವ್ವ ಕೇಳಿದಳು, “ಹೇಳಿದ್ರೇನ್ರಿ?”

“ಹೇಳಿದೆ. ಅವರು ಒಪ್ಪಲಿಲ್ಲ.”

ದೊಡ್ಡಪ್ಪನಿಗೆ ಹೆದರಿದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಉಳಿದರ್ಧ — ಥೂ, ಬರೆದೇ ಬಿಡುತ್ತೇನೆ — ಅವರು ಅಲ್ಲಿ ಕೂರುವುದು ನನಗೂ ಬೇಡವಾಗಿತ್ತು. ನನ್ನ ಚಂದದ ಚಿತ್ರದಲ್ಲಿ ಅವರ ಬುತ್ತಿಗಂಟು, ಹಾರೆ, ಪ್ಲಾಸ್ಟಿಕ್ ಕೊಡ ಯಾವುದೂ ಇರಲಿಲ್ಲ.

ಬೇಲಿ ಎದ್ದಿತು, ಕೂಲಿಯವರು ಒಳಗೆ ಕೂರುವಂತಿಲ್ಲ ಎಂದಾಯಿತು. “ಎಲ್ಲರೂ ಸೇರಿ ರೂಪಿಸಿದ ಜಾಗ” ಎಂಬ ಬೋರ್ಡೂ ಬಂತು. ಕೂಲಿಯವರು ಹಿರಿಯಡ್ಕದ ರಸ್ತೆಯ ತಿರುವಿಗೆ ಹೋದರು. ಅಲ್ಲಿ ನೆರಳಿಲ್ಲ, ಗಾಡಿ ನಿಲ್ಲಲು ಜಾಗವಿಲ್ಲ. ಪಿಕಪ್ ನಿಧಾನ ಮಾಡುತ್ತದೆ, ಓಡಿ ಹತ್ತಿದವರಿಗೆ ಕೆಲಸ. ಮೊಣಕಾಲು ನೋವಿನ ಯಲ್ಲವ್ವ ಓಡಲಾರಳು. ಈಗ ನಾನು ಉಡುಪಿಯಲ್ಲಿ ಕೆಲಸ ಮಾಡುತ್ತೇನೆ. ದಿನಾ ಆ ದಾರಿಯಲ್ಲೇ ಹೋಗುವ ಬಸ್ಸಿನ ಕಿಟಕಿಯಿಂದ ಕಾಣುತ್ತದೆ — ಎಲ್ಲರೂ ಹೋದ ಮೇಲೂ ಅವಳು ಅಲ್ಲೇ ನಿಂತಿರುತ್ತಾಳೆ. ಕಣ್ಣು ಮುಚ್ಚಿದರೂ ನಿಂತಿರುತ್ತಾಳೆ. ಒಮ್ಮೆ ಅಂಗಡಿಯಲ್ಲಿ ಎದುರು ಸಿಕ್ಕಿ ನನ್ನ ಕೈ ಹಿಡಿದಳು. “ಅಷ್ಟು ಮಂದಿ ಮುಂದ ನಿಂತು ನಮ್ಮ ಸಲುವಾಗಿ ಮಾತಾಡಿದ್ರಿ. ನಾ ಮರೆತಿಲ್ಲ ಬಿಡ್ರಿ” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆನೋ ಏನೋ. ನಾನು ನಕ್ಕೆ ಮಾರಾಯ್ರೆ, ಹಲ್ಲು ಬಿಟ್ಟು ನಕ್ಕೆ!

ಮೊನ್ನೆ ಆ ಬೇಲಿಗೆ ಗೇಟು ಇಟ್ಟು ಬೀಗ ಹಾಕುವ ಮಾತು ಎದ್ದಿತು. ನಕ್ಷೆ ಮಾಡಿಕೊಡು ಎಂದು ದೊಡ್ಡಪ್ಪ ನನಗೇ ಫೋನು ಮಾಡಿದರು. ಮರುದಿನ ತಿರುವಿನಲ್ಲಿ ಬಸ್ಸಿಳಿದೆ. ಯಲ್ಲವ್ವನ ಎದುರು ನಿಂತು ಎಲ್ಲವನ್ನೂ ಹೇಳಿದೆ — ಅವತ್ತು ನಾನು ಆಡಿದ್ದು ಹೂವಿನ ಗಿಡದ ಮಾತು, ನಿಮ್ಮ ಮಾತು ನನ್ನ ಬಾಯಿಂದ ಹೊರಗೆ ಬರಲೇ ಇಲ್ಲ ಎಂದು.

ಅವಳು ರಸ್ತೆಯ ಕಡೆ ಮುಖ ತಿರುಗಿಸಿದಳು. ಆಮೇಲೆ ಮೆಲ್ಲಗೆ, “ಹಂಗಾದ್ರ ಅವರು ಒಲ್ಲೆ ಅಂದಿಲ್ಲೇನ್ರಿ?” ಎಂದಳು.

ಅದರಲ್ಲಿ ಆಸೆ ಇತ್ತು. ಇಷ್ಟು ವರ್ಷವೂ ಇರಬಹುದಾಗಿದ್ದ ಆಸೆ — ಅದನ್ನೂ ನಾನೇ ಕಿತ್ತುಕೊಂಡಿದ್ದೆ. ಯಾರೂ ಅವರನ್ನು ಕೇಳಿಯೇ ಇಲ್ಲ ಎಂದೆ.

“ಹಂಗಾದ್ರ ಈಗ ಕೇಳ್ರಿ.”

ಗೇಟಿನ ಬಗ್ಗೆ ಭಾನುವಾರ ಸಭೆ ಉಂಟು. ದೊಡ್ಡಪ್ಪ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಅವರು ಒಪ್ಪುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಯಲ್ಲವ್ವ ಬರುತ್ತೇನೆ ಎಂದಿದ್ದಾಳೆ. ನಾನು ಕನ್ನಡದಲ್ಲೇ ಮಾತಾಡುತ್ತೇನೆ, ಅವಳಿಗೆ ಒಂದೊಂದು ಮಾತೂ ತಿಳಿಯುವ ಹಾಗೆ.