ಸಿದ್ದಲಿಂಗಮ್ಮನ ಲಿಮಿಟೆಡ್ ಊಟ

ನಾಗಮಂಗಲದ ಬಸ್ ಸ್ಟ್ಯಾಂಡಿನ ಹಿಂದಿರುವ ಸಿದ್ದಲಿಂಗಮ್ಮನ ಮೆಸ್ಸಿಗೆ ಇಪ್ಪತ್ತೆರಡು ವರ್ಷ ಬೋರ್ಡೇ ಇರಲಿಲ್ಲ. ಉಪ್ಸಾರಿನ ವಾಸನೆಯೇ ಸಾಕಾಗಿತ್ತು. ಉಣ್ಣುವವರು ಸಾಕು ಅಂದರೆ ಆಕೆಗೆ ಕಿವಿ ಕೇಳುವುದಿಲ್ಲ. ತಟ್ಟೆಗೆ ಅಡ್ಡ ಹಿಡಿದ ಕೈಯನ್ನೇ ಸರಿಸಿ ಇನ್ನೊಂದು ಮುದ್ದೆ ಇಡುವ ಹೆಂಗಸು.

ಆ ಮುದ್ದೆಗಳೇ ಅವಳ ಬಲಭುಜವನ್ನು ತಿಂದುಹಾಕಿದ್ದವು. ಕುದಿಯುವ ಹಿಟ್ಟನ್ನು ಕೋಲಿನಲ್ಲಿ ತೊಳಸೀ ತೊಳಸೀ ಸವೆದ ಭುಜ ನೋಡಿದ ಡಾಕ್ಟರು, ಹೀಗೇ ಮುಂದುವರಿದರೆ ಈ ಕೈ ಮೇಲೇಳುವುದಿಲ್ಲ ಎಂದುಬಿಟ್ಟರು. ಸೊಸೆ ಸ್ನೇಹ ಗಾಬರಿಬಿದ್ದು, "ನಾನ್ ತೊಳಸ್ತೀನಿ ಬುಡಿ ಅತ್ತೆ" ಎಂದಳು. ಸಿದ್ದಲಿಂಗಮ್ಮ ಕೋಲು ಕೊಟ್ಟರೆ ತಾನೇ!

"ನೀನ್ ತೊಳಸುದ್ರೆ ಗಂಟಾಯ್ತದೆ, ಸುಮ್ಕಿರು."

ಬೇರೆ ದಾರಿ ಕಾಣದೆ ಸ್ನೇಹ ಬಾಗಿಲಿಗೆ ಬೋರ್ಡು ಬರೆದು ತೂಗುಹಾಕಿದಳು: 'ಲಿಮಿಟೆಡ್ ಊಟ'.

ತೆಂಗಿನಕಾಯಿ ಮಂಡಿಯಲ್ಲಿ ಮೂಟೆ ಹೊರುವ ಕರಿಯಯ್ಯ ಅದನ್ನು ಅಕ್ಷರ ಕೂಡಿಸಿ ಓದಿದ. "ಲಿಮಿಟೆಡ್ ಅಂದ್ರೇನ್ಲಾ?"

ಜೊತೆಗಾರ ಪುಟ್ಟರಾಜು ಪಂಡಿತನಂತೆ ಮುಖ ಮಾಡಿದ. "ಲಿಮಿಟೆಡ್ ಬಸ್ಸು ನಮ್ ಹಳ್ಳೀತಾವ ನಿಲ್ತದಾ? ಇಲ್ಲ ತಾನೆ? ಅಂಗೇಯ, ಎರಡನೇ ಮುದ್ದೆ ನಿನ್ ತಟ್ಟೇತಾವ ನಿಲ್ಲಕಿಲ್ಲ ಕಣ್ಲಾ."

ಮೇಷ್ಟ್ರುಗಳೂ ಇಷ್ಟು ಚೆನ್ನಾಗಿ ಅರ್ಥ ಹೇಳಲಾರರು.

ಅವತ್ತು ಕರಿಯಯ್ಯ ಒಂದೇ ಮುದ್ದೆ ಉಂಡ. ತಟ್ಟೆಯಲ್ಲಿ ಸಾರು ಉಳಿದಿತ್ತು. ಕೈ ತೊಳೆಯಲು ಎದ್ದ. ಅದನ್ನು ಕಂಡ ಸಿದ್ದಲಿಂಗಮ್ಮ, "ಕೂತ್ಕಳಪ್ಪ, ನಿಂಗಿಕ್ಕಿದ್ದು ಸಣ್ಣದಾಗೋಯ್ತು" ಎಂದು ಇನ್ನೊಂದು ಇಟ್ಟೇಬಿಟ್ಟಳು. ಆಮೇಲೆ ಪುಟ್ಟರಾಜುವಿನದೂ ಸಣ್ಣದಾಯಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಮೆಸ್ಸಿನ ಮುದ್ದೆಗಳೆಲ್ಲ ಸಣ್ಣವಾಗಿದ್ದವು, ಸಿದ್ದಲಿಂಗಮ್ಮ ಎರಡನೇ ಸಲ ಎಸರಿಟ್ಟಿದ್ದಳು.

ಮಾರನೆಯ ಬೆಳಿಗ್ಗೆ ಸಿದ್ದಲಿಂಗಮ್ಮನಿಗೆ ತಲೆ ಬಾಚಲು ಕೈ ಎತ್ತಲಾಗಲಿಲ್ಲ. ಸ್ನೇಹ ನೋಡಿದಳು. ಬಾಚಣಿಗೆ ತೆಗೆದುಕೊಂಡು ಅತ್ತೆಯ ತಲೆ ಬಾಚಿ ತುರುಬು ಕಟ್ಟಿದಳು. ನೆಟ್ಟಗೆ ಹೋಗಿ ಕೋಲು ಹಿಡಿದಳು.

"ಬೋರ್ಡು ಹಾಕ್ಬೇಕಾಗಿದ್ದು ಮುದ್ದೆಗಲ್ಲ ಅತ್ತೆ, ನಿಮ್ಗೆ. ಕೂತ್ಕಳಿ ಅಲ್ಲಿ."

ಸಿದ್ದಲಿಂಗಮ್ಮ ಬೆಂಚಿನ ಮೇಲೆ ಕುಳಿತಳು. ಕೂತದ್ದು ಹೆಸರಿಗಷ್ಟೇ, ಜೀವವೆಲ್ಲ ಒಲೆಯ ಹತ್ತಿರವಿತ್ತು. ಇಷ್ಟು ವರ್ಷ ಕಟ್ಟಿದ ಹೆಸರು ಇವತ್ತೊಂದೇ ದಿನಕ್ಕೆ ಮಣ್ಣುಪಾಲು ಎಂದುಕೊಂಡಳು.

ಕರಿಯಯ್ಯ ಬಂದು ಕೂತು ಮುದ್ದೆ ಮುರಿದ. ಒಳಗೆ ಒಣಹಿಟ್ಟಿನ ಗಂಟು, ದೂರಕ್ಕೂ ಕಾಣುವಷ್ಟು ದಪ್ಪ. ಸ್ನೇಹಳ ಮುಖ ಬಾಡಿತು. ಸಿದ್ದಲಿಂಗಮ್ಮ ಬೆಂಚಿನಿಂದ ಅರ್ಧ ಎದ್ದಳು. ಕರಿಯಯ್ಯ ಒಮ್ಮೆ ಅತ್ತೆಯ ಜೋಲುಬಿದ್ದ ಕೈ ನೋಡಿದ, ಒಮ್ಮೆ ಸೊಸೆಯ ಬೆವರು ನೋಡಿದ. ಗಂಟನ್ನು ಸಾರಿನಲ್ಲಿ ಅದ್ದಿ ನುಂಗಿ, ಉಳಿದ ಮುದ್ದೆಯನ್ನೂ ಮುಗಿಸಿ, ಖಾಲಿ ತಟ್ಟೆಯನ್ನು ಸ್ನೇಹಳ ಕಡೆ ನೀಡಿದ.

"ಇನ್ನೊಂದಿಕ್ಕವ್ವ."