ಜಗಳವಿಲ್ಲದ ಊರಿನ ಹೆಡ್ ಮೇಷ್ಟ್ರು

ನಮ್ಮ ಹೆಡ್ ಮೇಷ್ಟ್ರ ಹಣೆಯ ಬಲಗಡೆ, ಕೂದಲು ಶುರುವಾಗುವಲ್ಲಿ, ಒಂದು ಗಾಯವಿತ್ತು. ಅದು ಮಾಯುತ್ತಲೇ ಇರಲಿಲ್ಲ. ಆರಡಿ ಮೀರಿದ ಆ ಮನುಷ್ಯ ವಾಸವಿದ್ದದ್ದು ಶಾಲೆಯ ಹಿಂಬದಿಯ ಸಾಮಾನಿನ ಕೋಣೆಯಲ್ಲಿ. ಅದರ ಬಾಗಿಲು ನನ್ನ ಭುಜದೆತ್ತರಕ್ಕಿತ್ತು. ದಿನಾ ಬಗ್ಗಿ ಬಗ್ಗಿ ಅಭ್ಯಾಸವಾಗಿದ್ದರೂ ವಾರಕ್ಕೊಮ್ಮೆಯಾದರೂ ಮರೆತು ತಲೆ ಚಚ್ಚಿಕೊಳ್ಳುತ್ತಿದ್ದರು. ಅರಿಶಿನ ಒತ್ತಿಕೊಂಡು ಪ್ರಾರ್ಥನೆಗೆ ಬಂದು ನಿಂತರೆ ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ಅವರೂ ಜೊತೆಗೆ ನಗುತ್ತಿದ್ದರು.

ಸಾದಲಿ ಕಡೆಯ ಆ ಹಳ್ಳಿಗೆ ನಾನು ಅಸಿಸ್ಟೆಂಟ್ ಮೇಷ್ಟ್ರಾಗಿ ಹೋದದ್ದು ಅರವತ್ತರ ಆಸುಪಾಸಿನಲ್ಲಿ. ಚಿಂತಾಮಣಿಯ ಗುಮಾಸ್ತರ ಮಗ, ಇಪ್ಪತ್ತೆರಡು ವರ್ಷ ವಯಸ್ಸು. ಬಸ್ಸಿಳಿದ ಸಂಜೆಯೇ ಪಟೇಲರು ತಮ್ಮ ಮನೆಯ ಮುಂಗೋಣೆ ಬಿಟ್ಟುಕೊಟ್ಟರು, ಊಟವನ್ನೂ ಅಲ್ಲೇ ಗೊತ್ತುಮಾಡಿದರು. ಹೆಡ್ ಮೇಷ್ಟ್ರು ಆ ಊರಿಗೆ ಬಂದು ಆಗಲೇ ನಾಲ್ಕು ವರ್ಷವಾಗಿತ್ತು, ಅವರಿಗಿನ್ನೂ ಮನೆ ಸಿಕ್ಕಿರಲಿಲ್ಲ. ಆಗ ಹರಿಜನರೆಂದು ಕರೆಯುತ್ತಿದ್ದ ಜಾತಿಯವರು ಅವರು.

ಅದು ರೇಷ್ಮೆಯ ಊರು. ಹುಳು ಸಾಕಿರುವ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ. ಯಾರ ಕಾಲಿಗಂಟಿ ಯಾವ ರೋಗ ಬರುತ್ತದೋ, ಯಾರ ಕಣ್ಣು ತಾಕುತ್ತದೋ ಎಂಬ ಭಯ. ಬೀಗರು ಬಂದರೂ ಬಾಗಿಲಾಚೆ ನಿಂತು ಮಾತಾಡಿಕೊಂಡು ಹೋಗುತ್ತಾರೆ, ಯಾರೂ ತಪ್ಪು ತಿಳಿಯುವುದಿಲ್ಲ. ಆದರೆ ಹೆಡ್ ಮೇಷ್ಟ್ರು ಹೋದಾಗ ಮಾತ್ರ ಊರಿನ ಪ್ರತಿ ಮನೆಯಲ್ಲೂ ಹನ್ನೆರಡು ತಿಂಗಳೂ ಹುಳು ಇರುತ್ತಿತ್ತು. ಗೂಡು ಮಾರಿ, ಹುಳು ಸಾಕುವ ತಟ್ಟೆಗಳನ್ನು ತೊಳೆದು ಅಂಗಳದಲ್ಲಿ ಒಣಗಲಿಟ್ಟವರೂ ಅವರನ್ನು ಕಂಡರೆ, "ಮನೇಲಿ ಹುಳ ಐತೆ ಮೇಷ್ಟ್ರೇ" ಎನ್ನುತ್ತಿದ್ದರು. ಎಂದು, ಬಾಗಿಲಲ್ಲೇ ನಿಂತು ಬಾಯ್ತುಂಬ ಮಾತಾಡಿಸುತ್ತಿದ್ದರು.

ಅಸ್ಪೃಶ್ಯತೆ ಅಪರಾಧವೆಂದು ಕಾನೂನು ಬಂದಾಗಿತ್ತು. ಬೇರೆ ಊರುಗಳ ಗಲಾಟೆಯನ್ನು ಪೇಪರಿನಲ್ಲಿ ಓದುತ್ತಿದ್ದೆವು. ನಮ್ಮಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಲಿಲ್ಲ. ಇಂಥ ಜಾತಿಯ ಮೇಷ್ಟ್ರು ಬೇಡ ಎಂದು ಯಾರೂ ಅರ್ಜಿ ಹಾಕಲಿಲ್ಲ, ಮಕ್ಕಳನ್ನು ಶಾಲೆ ಬಿಡಿಸಲಿಲ್ಲ, ಎದುರಿಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ನಮ್ಮೂರಲ್ಲಿ ಜಾತಿ ಜಗಳವೇ ಇಲ್ಲ ಎಂದು ಪಟೇಲರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದರು. ಹಾವೂ ಸಾಯದ, ಕೋಲೂ ಮುರಿಯದ ಅಂಥ ಜಾಣತನವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಜಗಳವಾಗದಿರಲು ಹೆಡ್ ಮೇಷ್ಟ್ರ ಪಾಠವೂ ಒಂದು ಕಾರಣವಿರಬೇಕು. ಮಕ್ಕಳು ಮನೆಯಲ್ಲಿ ಆಡುವುದು ತೆಲುಗು, ಪುಸ್ತಕದಲ್ಲಿರುವುದು ಕನ್ನಡ. ಹೆಡ್ ಮೇಷ್ಟ್ರು ಕಥೆಯನ್ನು ತೆಲುಗಿನಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದರು. ಎಲ್ಲಿ ದಾಟಿದೆವೆಂದು ಮಕ್ಕಳಿಗೆ ಗೊತ್ತೇ ಆಗುತ್ತಿರಲಿಲ್ಲ. ನಾನು ಮೂರು ತಿಂಗಳು ಬೆತ್ತ ಹಿಡಿದು ಕಲಿಸಲಾರದ್ದನ್ನು ಅವರು ಒಂದು ನರಿಯ ಕಥೆಯಲ್ಲಿ ಕಲಿಸಿಬಿಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಆಮೇಲೆ ಮೂವತ್ತು ವರ್ಷ ನಾನು ಅನ್ನ ತಿಂದದ್ದು ಅದೇ ವಿದ್ಯೆಯಿಂದ.

ಅವರ ಹೆಂಡತಿ, ಮಗಳು ಗೌರಿಬಿದನೂರಿನ ಆಚೆಯ ಒಂದು ಹಳ್ಳಿಯಲ್ಲಿದ್ದರು. ಹೆಡ್ ಮೇಷ್ಟ್ರು ವಾರಕ್ಕೊಂದು ಕಾರ್ಡು ಬರೆಯುತ್ತಿದ್ದರು, ದೊಡ್ಡ ದೊಡ್ಡ ಅಕ್ಷರದಲ್ಲಿ. ಹೆಂಡತಿಗೆ ಓದು ಬರದು, ಮಗಳು ಓದಿ ಹೇಳಬೇಕು. ಆ ಕಾರ್ಡುಗಳಿಂದಲೇ ಮಗಳಿಗೆ ಓದು ಕಲಿಸುತ್ತಿದ್ದರು. ಇಬ್ಬರನ್ನೂ ಕರೆತಂದು ಇಟ್ಟುಕೊಳ್ಳಲು ಒಂದು ಮನೆ ಸಿಗಬೇಕು, ಅಷ್ಟೇ ಅವರಿಗೆ ಬೇಕಾಗಿದ್ದದ್ದು. ಊರಾಚೆಯ ಹರಿಜನ ಕೇರಿಯ ಜನ ತಮ್ಮಲ್ಲಿಗೆ ಕರೆದಿದ್ದರು, ಆದರೆ ಅಲ್ಲಿ ಒಂದೊಂದು ಗುಡಿಸಲಲ್ಲೂ ಎಂಟು ಜನ.

ಮನೆ ಕೇಳಲು ಹೋದವರು, ಎದುರಿನವರು ಬಾಯಿಬಿಡುವ ಮೊದಲೇ "ಹುಳ ಇರಬೇಕು, ನಾನು ಇಲ್ಲೇ ನಿಂತ್ಕೋತೀನಿ" ಎಂದುಬಿಡುತ್ತಿದ್ದರು. ಸುಳ್ಳನ್ನು ನೀವೇ ಯಾಕೆ ಎತ್ತಿಕೊಡುತ್ತೀರಿ ಎಂದು ನಾನೊಮ್ಮೆ ರೇಗಿದೆ. ಅವರು ತಿದ್ದುತ್ತಿದ್ದ ಸ್ಲೇಟನ್ನು ಕೆಳಗಿಟ್ಟರು.

"ಅವರ ಬಾಯಲ್ಲಿ ಬೇರೆ ಮಾತು ಬಂದುಬಿಟ್ರೆ, ನಾಳೆ ಅವರ ಮಗೂಗೆ ನಾನು ಹೆಂಗಪ್ಪ ಪಾಠ ಹೇಳಲಿ?" ಎಂದರು.

ಎಲೆಕ್ಷನ್ ಹತ್ತಿರ ಬಂದಾಗ ಚಿಕ್ಕಬಳ್ಳಾಪುರದಿಂದ ಒಬ್ಬ ವಕೀಲರು ಜೀಪಿನಲ್ಲಿ ಬಂದರು. ಚುನಾವಣೆಗೆ ನಿಲ್ಲುವ ಅಂದಾಜಿನಲ್ಲಿದ್ದವರು. ಹೆಡ್ ಮೇಷ್ಟ್ರಿಗೆ ಮನೆ ಕೊಡದ ಸಂಗತಿ ಹೇಗೋ ಅವರ ಕಿವಿಗೆ ಬಿದ್ದಿತ್ತು. ಪೇಪರಿಗೆ ಹಾಕಿಸುತ್ತೇನೆ, ಬೆಂಗಳೂರಿನವರೆಗೂ ಸುದ್ದಿ ಮಾಡುತ್ತೇನೆ, ಊರಲ್ಲಿ ಖಾಲಿ ಮನೆ ಇದ್ದೂ ಕೊಡಲಿಲ್ಲ ಎಂದು ಒಬ್ಬರು ಹೇಳಿದರೆ ಸಾಕು ಎಂದರು. ಹೆಡ್ ಮೇಷ್ಟ್ರು ನನ್ನ ಕಡೆ ಕೈ ತೋರಿಸಿ, "ಇವರು ಊರೊಳಗಿರೋರು. ಇವರು ಹೇಳಿದ್ದೇ ಸರಿ" ಎಂದರು.

ಖಾಲಿ ಮನೆ ಇತ್ತು. ಬೀದಿಯ ಕೊನೆಯಲ್ಲಿ ಪಟೇಲರದೇ ಒಂದು ಹೆಂಚಿನ ಮನೆ ಎರಡು ವರ್ಷದಿಂದ ಬೀಗ ಹಾಕಿಕೊಂಡು ನಿಂತಿತ್ತು. ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನನ್ನ ಸೈಕಲ್ಲು ಅದರೊಳಗೇ ಇರುತ್ತಿತ್ತು. ವಕೀಲರು ಪೆನ್ನು ಬಿಚ್ಚಿ ಕಾಯುತ್ತಿದ್ದರು. ರಾತ್ರಿಯ ಊಟ, ಮುಂಗೋಣೆ, ಪಟೇಲರ ಮುಖ ಎಲ್ಲ ಒಟ್ಟಿಗೇ ನನ್ನ ಕಣ್ಣಮುಂದೆ ಬಂದವು.

"ಎಲ್ಲಾರ ಮನೇಲೂ ಹುಳ ಇದೆ ಸಾರ್. ಬೇರೆ ಏನೂ ಇಲ್ಲ" ಎಂದೆ.

ವಕೀಲರು ಪೆನ್ನು ಮುಚ್ಚಿದರು. ಪಟೇಲರ ಮನೆಯಲ್ಲಿ ಎಳನೀರು ಕುಡಿದು ಹೊರಟುಹೋದರು. ಏಳಬೇಕಾಗಿದ್ದ ಒಂದು ಗಲಾಟೆಯನ್ನು ನಾನು ಒಂದೇ ಮಾತಿನಲ್ಲಿ ಮಲಗಿಸಿದ್ದೆ. ಊರು ನನ್ನನ್ನು ಮೆಚ್ಚಿಕೊಂಡಿತು.

ಮಾರನೆಯ ದಿನ ಹೆಡ್ ಮೇಷ್ಟ್ರೇ ಮಾತು ತೆಗೆದರು. ನೀವು ಅವರ ಮನೆಯಲ್ಲಿ ಉಣ್ಣುವವರು, ನನಗೆ ಅರ್ಥವಾಗುತ್ತದೆ ಎಂದರು. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಾಚಿಕೆ ತಡೆಯಲಾರದೆ, ಆ ಹೆಂಚಿನ ಮನೆಯನ್ನು ನಾನೇ ಪಟೇಲರಿಗೆ ಹೇಳಿ ಕೊಡಿಸುತ್ತೇನೆ ಎಂದು ಮಾತು ಕೊಟ್ಟೆ. ಅವರ ಮುಖ ಅರಳಿದ್ದನ್ನು ನಾನು ನೋಡಿದೆ. ಆಮೇಲೆ ನಾಲ್ಕು ತಿಂಗಳು, ದಿನಾ ಎರಡು ಹೊತ್ತು ಪಟೇಲರ ಪಕ್ಕದಲ್ಲಿ ಕೂತು ಉಂಡೆ. ಇವತ್ತು ಕೇಳೋಣ, ನಾಳೆ ಕೇಳೋಣ ಎಂದುಕೊಂಡೆ. ಕೇಳಲಿಲ್ಲ. ಏನಾಯಿತು ಎಂದು ಹೆಡ್ ಮೇಷ್ಟ್ರೂ ನನ್ನನ್ನು ಒಮ್ಮೆಯೂ ಕೇಳಲಿಲ್ಲ.

ಆ ವರ್ಷದ ಮಳೆಗೆ ಸಾಮಾನಿನ ಕೋಣೆಯ ಗೋಡೆ ನೆನೆದು ಒಳಗೆಲ್ಲ ಒಸರತೊಡಗಿತು. ಅವರಿಗೆ ಕೆಮ್ಮು ಹತ್ತಿತು, ಹಿಂದೆಯೇ ಜ್ವರ. ಎರಡು ದಿನ ಪಾಠಕ್ಕೆ ಬರಲಿಲ್ಲ. ಮೂರನೆಯ ದಿನ ಕೇರಿಯವರು ಅವರನ್ನು ಗಾಡಿಯಲ್ಲಿ ಮಲಗಿಸಿಕೊಂಡು ಶಿಡ್ಲಘಟ್ಟದ ಆಸ್ಪತ್ರೆಗೆ ಹೊರಟರು. ನಾನೂ ಹೋದೆ. ಅರ್ಧ ದಾರಿಯಲ್ಲೇ ಉಸಿರು ನಿಂತಿತು. ಊರಿಗೆ ಹಿಂತಿರುಗಿ, ಅವರ ಹೆಂಡತಿಗೆ ತಂತಿ ಕೊಟ್ಟು ಕೇರಿಯವರು ಸಂಜೆಯವರೆಗೆ ಕಾದರು, ಆಮೇಲೆ ಕೆರೆ ಏರಿಯ ಪಕ್ಕದಲ್ಲಿ ಮಣ್ಣು ಮಾಡಿದರು. ಊರಿಗೆ ಊರೇ ಬಂದು ದೂರದಲ್ಲಿ ನಿಂತಿತು. ಪಟೇಲರು ಟವೆಲಿನಿಂದ ಕಣ್ಣೊರೆಸಿಕೊಂಡರು, ಇಂಥ ಮೇಷ್ಟ್ರು ಇನ್ನು ಸಿಗೋದಿಲ್ಲ ಎಂದರು. ಆ ಅಳು ಸುಳ್ಳಲ್ಲ. ಇಷ್ಟು ವಯಸ್ಸಾದರೂ ನನಗೆ ಅರ್ಥವಾಗದಿರುವುದು ಅದೇ.

ಮಾರನೆಯ ಮಧ್ಯಾಹ್ನದ ಬಸ್ಸಿಗೆ ಅವರ ಹೆಂಡತಿ ಬಂದರು, ಎಂಟು ವರ್ಷದ ಮಗಳ ಕೈ ಹಿಡಿದು. ಕೇರಿಯವರು ಸಮಾಧಿ ತೋರಿಸಿದರು. ಹೆಡ್ ಮೇಷ್ಟ್ರ ಟ್ರಂಕನ್ನು ನಾನು ಶಾಲೆಯ ಜಗಲಿಗೆ ತಂದಿಟ್ಟೆ. ಆಕೆ ಅತ್ತು ಸಾಕಾಗಿದ್ದರು. ನೀವೇನಾ ಅಸಿಸ್ಟೆಂಟ್ ಮೇಷ್ಟ್ರು ಎಂದು ಕೇಳಿ, ಸೆರಗಿನ ಗಂಟಿನಿಂದ ಒಂದು ಕಾರ್ಡು ತೆಗೆದು ಮಗಳಿಗೆ ಕೊಟ್ಟರು. ಹುಡುಗಿ ಅಕ್ಷರಕ್ಕೆ ಬೆರಳಿಟ್ಟು ಓದಿತು. ಅಸಿಸ್ಟೆಂಟ್ ಮೇಷ್ಟ್ರು ಮನೆ ನೋಡಿದ್ದಾರೆ, ದೀಪಾವಳಿ ಕಳೆದ ಮೇಲೆ ಇಬ್ಬರೂ ಬಂದುಬಿಡಿ ಎಂದಿತ್ತು.

"ಅದು ಯಾವ ಮನೆ ಅಂತ ತೋರಿಸ್ತೀರಾ ಸ್ವಾಮಿ? ಒಂದು ಸಲ ನೋಡ್ಕೊಂಡು ಹೋಗ್ತೀವಿ" ಎಂದರು.

ಇಲ್ಲ, ನಾನು ಕೇಳಲೇ ಇಲ್ಲ ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಇಬ್ಬರನ್ನೂ ಕರೆದುಕೊಂಡು ಬೀದಿಯ ಕೊನೆಯವರೆಗೆ ನಡೆದೆ. ಜನ ಬಾಗಿಲುಗಳಲ್ಲಿ ನಿಂತು ನೋಡಿದರು. ಬೀಗ ಹಾಕಿದ ಆ ಬಾಗಿಲನ್ನು ಆಕೆ ರಸ್ತೆಯಲ್ಲೇ ನಿಂತು ಸುಮಾರು ಹೊತ್ತು ನೋಡಿದರು. "ಇಲ್ಲೇ ಕಣೇ ನಾವಿರಬೇಕಾಗಿದ್ದಿದ್ದು" ಎಂದು ಮಗಳಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ ಎರಡೂ ಕೈ ಜೋಡಿಸಿ, "ಈ ಊರಲ್ಲಿ ಅವರಿಗೇ ಅಂತ ನೀವೊಬ್ರಾದ್ರೂ ಇದ್ರಲ್ಲ" ಎಂದರು.

ಆ ನಮಸ್ಕಾರವನ್ನು ನಾನು ತೆಗೆದುಕೊಂಡೆ.