ಹೊನ್ನೂರಿಗೆ ಒಯ್ದ ಹುರಿಹಿಟ್ಟಿನ ಡಬ್ಬ

ಮೊದಲನೆಯ ಬಸ್ಸಿಗೇ ಹೋಗುತ್ತೇನೆಂದು ಮನೆಯಲ್ಲಿ ಜಂಬ ಕೊಚ್ಚಿಕೊಂಡು ಹೊರಟವನಿಗೆ ಸಿಕ್ಕಿದ್ದು ಮೂರನೆಯದು. ಮೈಸೂರಿನಿಂದ ಕೊಳ್ಳೇಗಾಲಕ್ಕೆ ಅರವತ್ತು ಕಿಲೋಮೀಟರಿನ ಆಸುಪಾಸು. ನಮ್ಮ ಕಂಡಕ್ಟರು ಟಿ. ನರಸೀಪುರದಲ್ಲಿ ಟೀ ಕುಡಿದು, ಯಾರೊಂದಿಗೋ ಸೈಟಿನ ವ್ಯವಹಾರ ಮುಗಿಸಿ ಬರುವಷ್ಟರಲ್ಲಿ ಅದು ಎರಡೂವರೆ ಗಂಟೆಯ ದಾರಿಯಾಯಿತು. ಶ್ರಾವಣದ ಮೋಡ ಕವಿದಿತ್ತು, ಮಳೆ ಮಾತ್ರ ಬರಲಿಲ್ಲ.

ಯಾಕೆ ಹೊರಟೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತನಾದವನು. ಎಚ್‌ಐವಿ ಬಗ್ಗೆ ಹಂಚುವ ಕರಪತ್ರಗಳ ಕನ್ನಡವನ್ನು ಸರಿಮಾಡಿಕೊಡುವ ಕೆಲಸ ಈಗಲೂ ನನ್ನ ಬೆನ್ನು ಬಿಟ್ಟಿಲ್ಲ. ‘ಮುಟ್ಟಿದರೆ ಹರಡುವುದಿಲ್ಲ, ಜೊತೆಯಲ್ಲಿ ಉಂಡರೆ ಹರಡುವುದಿಲ್ಲ’ ಎಂಬ ಸಾಲನ್ನು ನಾನು ತಿದ್ದಿ ತಿದ್ದಿ ಹೀಗೆ ನುಣ್ಣಗೆ ಮಾಡಿದ್ದೇನೆ. ಆದರೆ ಅದನ್ನು ಓದುವವರ ಮುಖವನ್ನು ಒಮ್ಮೆಯೂ ಕಂಡವನಲ್ಲ. ಕರಪತ್ರ ತರಿಸಿಕೊಳ್ಳುವ ನಾಗಮಣಿ ಫೋನಿನಲ್ಲಿ ಆಗಾಗ ಕೆಣಕುತ್ತಿದ್ದಳು: “ಒಂದ್ಸಲ ಬಂದ್ ನೋಡಿ ಸಾ, ನಿಮ್ ಕಾಗ್ದ ಎಲ್ಲಿಗ್ ಓಯ್ತದೆ ಅಂತ.” ಕೊನೆಗೆ ಹೊಸ ಕರಪತ್ರಗಳ ಒಂದು ಕಟ್ಟನ್ನು ಬ್ಯಾಗಿಗೆ ತುರುಕಿಕೊಂಡು ಹೊರಟೇಬಿಟ್ಟೆ. ಇಲ್ಲಿ ಬರುವ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ.

ನಾಗಮಣಿ ಬಸ್ ಸ್ಟಾಂಡಿನಲ್ಲೇ ಕಾಯುತ್ತಿದ್ದಳು. ನಲವತ್ತರ ಆಚೀಚಿನ, ಚುರುಕು ನಡಿಗೆಯ ಹೆಂಗಸು. ಗಂಡನಿಂದ ಸೋಂಕು ತಗುಲಿ, ಗಂಡನನ್ನೂ ಕಳೆದುಕೊಂಡು, ತಾನು ಮಾತ್ರೆ ನುಂಗುತ್ತ ಬದುಕಿದ್ದಾಳೆ. ಮಾತ್ರೆ ನಿಲ್ಲಿಸಿದವರನ್ನು ಹುಡುಕಿಕೊಂಡು ಹೋಗಿ ಮತ್ತೆ ಚಿಕಿತ್ಸೆಗೆ ಕರೆತರುವುದು ಈಗ ಅವಳ ಕೆಲಸ. ಬೆಳಗಿನ ಇಡ್ಲಿ ಮುಗಿಸಿ ಇಬ್ಬರೂ ಚಿಕಿತ್ಸಾ ಕೇಂದ್ರಕ್ಕೆ ಹೋದೆವು.

ಅಲ್ಲಿಯ ಬೆಂಚುಗಳ ಮೇಲೆ ಜನ ಒಬ್ಬರನ್ನೊಬ್ಬರು ನೋಡದ ಹಾಗೆ ಕೂತಿದ್ದರು. ಕೊಳ್ಳೇಗಾಲದವರೇ ಆದರೆ ಎಷ್ಟೋ ಮಂದಿ ಇಲ್ಲಿಗೆ ಬರುವುದಿಲ್ಲವಂತೆ, ಗುರುತಿನವರು ಕಂಡಾರೆಂದು ಮೈಸೂರಿಗೆ ಹೋಗುತ್ತಾರಂತೆ. ಮಾರ್ಟಳ್ಳಿ ಕಡೆಯ, ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುವ ಒಬ್ಬ ಮುದುಕಪ್ಪ ನನ್ನ ಪಕ್ಕದಲ್ಲಿದ್ದ. “ಮೊದ್ಲು ಬಸ್ಗೇ ಅತ್ತಿ ಬಂದೆ ಸಾ. ಇವತ್ತಿನ್ ಕೂಲಿ ಪೋಚು,” ಎಂದ. ಮುಂಚೆ ತಿಂಗಳಿಗೊಮ್ಮೆ ಬರಬೇಕಿತ್ತು, ಈಗ ಅವನಿಗೆ ಮೂರು ತಿಂಗಳದ್ದು ಒಟ್ಟಿಗೆ ಸಿಗುತ್ತದೆ, ದಿನಕ್ಕೆ ಒಂದೇ ಮಾತ್ರೆ. ಔಷಧಿಗೆ ಕಾಸು ಕೊಡಬೇಕಿಲ್ಲ, ಹೆಂಗಸರು ಬಸ್ಸಿಗೂ ಕೊಡಬೇಕಿಲ್ಲ. ಇಷ್ಟೆಲ್ಲ ಒಳ್ಳೆಯದಾಗಿದೆಯಲ್ಲ ಎಂದು ನನಗೆ ಸಮಾಧಾನವಾಗುತ್ತಿದ್ದಾಗ ಅವನು ಜೇಬಿನಿಂದ ಹತ್ತಿಯ ಉಂಡೆ ತೆಗೆದು ಬಿಳಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಬೆರಳಲ್ಲಿ ಅದುಮತೊಡಗಿದ. ಯಾಕೆಂದು ಕೇಳಿದೆ.

“ನಡುದ್ರೆ ಗಲಗಲ ಅಂತದೆ ಸಾ. ನಮ್ ಊರ್ನಾಗೆ ಆ ಸದ್ದು ಎಲ್ರಿಗೂ ತೆರಿಯುಂ,” ಎಂದ.

ಎಲ್ಲರೂ ಹತ್ತಿ ತರುತ್ತಾರಂತೆ. ಡಬ್ಬಿಯ ಮೇಲಿನ ಚೀಟಿಯನ್ನು ಉಗುರಿನಿಂದ ಕೆರೆದು ಹಾಕುತ್ತಾರಂತೆ. ಡಬ್ಬಿಯನ್ನೇ ಎಸೆದು ಮಾತ್ರೆಯನ್ನು ಬೇರೆಯದರಲ್ಲಿ ಇಡೋಣವೆಂದರೆ ಮಳೆಗಾಲದ ತಂಡಿಗೆ ಅದು ಕೆಟ್ಟುಹೋಗುತ್ತದೆ.

ಹನೂರಿನ ಬಸ್ಸಿನಲ್ಲಿ ನಾಗಮಣಿಗೆ ಸೊನ್ನೆ ಟಿಕೆಟ್, ನನಗೆ ದುಡ್ಡಿನ ಟಿಕೆಟ್. ಅವಳ ಮಡಿಲಲ್ಲಿ ಒಂದು ಸ್ಟೀಲ್ ಡಬ್ಬವಿತ್ತು. ಅದರ ತುಂಬ ರಾಗಿಯ ಹುರಿಹಿಟ್ಟು, ಹಿಟ್ಟಿನ ತಳದಲ್ಲಿ ಪ್ಲಾಸ್ಟಿಕ್ ಚೀಲದೊಳಗೆ, ಹತ್ತಿ ತುರುಕಿ ಚೀಟಿ ಕೆರೆದ ಮಾತ್ರೆಯ ಡಬ್ಬಿ. ಇದು ಅವಳು ಕಂಡುಕೊಂಡ ದಾರಿ. ನೆಂಟಳ ಹಾಗೆ ಹೋಗಿ ಹುರಿಹಿಟ್ಟು ಕೊಟ್ಟರೆ ಯಾರೂ ಏನೂ ಕೇಳುವುದಿಲ್ಲ.

ಹನೂರಿನಲ್ಲಿ ಮುದ್ದೆ, ಉಪ್ಪುಸಾರು ಉಣ್ಣುತ್ತ ಅವಳು ಪುಟ್ಟತಾಯಮ್ಮನ ವಿಷಯ ಹೇಳಿದಳು. ರಾಮಾಪುರದ ಕಡೆಯ ವಿಧವೆ, ಒಬ್ಬಳೇ ಮಗಳು. ವರ್ಷಗಳಿಂದ ಒಂದು ದಿನವೂ ಮಾತ್ರೆ ತಪ್ಪಿಸದವಳು ಈ ಸಲ ಕೇಂದ್ರಕ್ಕೆ ಬಂದಿಲ್ಲ. ಫೋನು ಎತ್ತಿದರೂ “ಆಮೇಕ್ ಬತ್ತೀನಿ ಕಣಕ್ಕ” ಎಂದು ಪಿಸುಗುಟ್ಟಿ ಇಟ್ಟುಬಿಡುತ್ತಾಳೆ. ಹಿಂದೊಮ್ಮೆ ಕ್ಷಯ ಬಂದು ಸಾಯುವ ಹಾಗಾಗಿದ್ದ ಜೀವ. ಮಾತ್ರೆ ನಿಂತರೆ ಈ ಸಲ ತಡೆಯಲಾರಳೆಂದು ಡಾಕ್ಟರು ಹೇಳಿದ್ದಾರೆ. ತಕ್ಷಣ ಶುರುಮಾಡಿಸಿ, ಆಮೇಲೆ ರಕ್ತಪರೀಕ್ಷೆಗೆ ಕರೆತನ್ನಿ ಎಂದು ಕಳಿಸಿದ್ದಾರೆ.

ರಾಮಾಪುರ ಮುಟ್ಟುವಾಗ ಬಿಸಿಲು ಇಳಿಯುತ್ತಿತ್ತು. ಕಾಡಿನಂಚಿನ ಹೊಲಗಳಲ್ಲಿ ರಾಗಿ ಪೈರು ಮಳೆ ಕಾಯುತ್ತ ಬಾಡಿ ನಿಂತಿತ್ತು. ಬಸ್ಸಿಳಿದು ಒಂದಿಷ್ಟು ನಡೆದು ಹೋದರೆ ಮನೆಗೆ ಬೀಗ. ಪಕ್ಕದ ಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಮ್ಮಣ್ಣ,” ಎಂದು ನಾಗಮಣಿ ಕೂಡಲೇ ಸಂಬಂಧ ಕಟ್ಟಿದಳು.

“ಅವ್ಳು ಇಲ್ಲ ಕಣ್ರವ್ವ. ಮಗ್ಳು ಎತ್ತವ್ಳೆ, ಎರಡ್ನೇದು. ಬಾಣಂತನಕ್ಕೆ ಒನ್ನೂರ್ಗೆ ಓಗವ್ಳೆ.”

ನಾಗಮಣಿ ಅಲ್ಲೇ ಜಗಲಿಯ ಮೇಲೆ ಕೂತಳು. ಮೊದಲ ಹೆರಿಗೆ ತವರಿನಲ್ಲಿ, ಎರಡನೆಯದು ಗಂಡನ ಮನೆಯಲ್ಲಿ. ತಾಯಿಯೇ ಅಲ್ಲಿಗೆ ಹೋಗಿ ಮಗಳಿಗೂ ಕೂಸಿಗೂ ನೀರು ಹಾಕಬೇಕು. ಬಾಣಂತನ ಮಾಡುವವಳು ತಿಂಗಳುಗಟ್ಟಲೆ ಆ ಮನೆಯ ಹೊಸಿಲು ದಾಟುವ ಹಾಗಿಲ್ಲ. ಕೊಳ್ಳೇಗಾಲಕ್ಕೆ ಹೋಗಿಬರುತ್ತೇನೆಂದರೆ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಮಗಳು ಸವಿತಾಳಿಗೆ ತಾಯಿಯ ಕಾಯಿಲೆ ಗೊತ್ತು, ಬೀಗರಿಗೆ ಗೊತ್ತಿಲ್ಲ. ಒಯ್ದ ಮಾತ್ರೆ ಮುಗಿದಿರಬೇಕು, ಬಾಯಿಬಿಡಲಾರದೆ ಕೂತಿರಬೇಕು ಎಂದು ನಾಗಮಣಿ ಊಹಿಸಿದಳು. ಕೊನೆಯ ಬಸ್ಸಿಗೆ ಕೊಳ್ಳೇಗಾಲಕ್ಕೆ ಮರಳಿದೆವು. ನನ್ನ ಲಾಡ್ಜಿನ ಕೋಣೆಯಲ್ಲಿ ಫ್ಯಾನು ತಿರುಗಲಿಲ್ಲ, ನನಗೆ ನಿದ್ದೆಯೂ ಹತ್ತಲಿಲ್ಲ.

ಮರುದಿನ ಶನಿವಾರ, ಯಳಂದೂರಿನ ಬಳಿಯ ಹೊನ್ನೂರಿಗೆ ಹೊರಟೆವು. ಕೊಳ್ಳೇಗಾಲದಿಂದ ಯಳಂದೂರಿಗೆ ಮುಕ್ಕಾಲು ಗಂಟೆಯೂ ಹಿಡಿಯಲಿಲ್ಲ. ನಿನ್ನೆ ನೋಡಿದ ಒಣಭೂಮಿಯ ಗುರುತೇ ಇಲ್ಲ. ಹೊನ್ನೂರಿನ ದಾರಿಯುದ್ದಕ್ಕೂ ನಾಟಿ ಮಾಡಿದ ಗದ್ದೆ, ಕಬ್ಬು, ತೆಂಗು. ಆಟೋದವನು ಬಾಡಿಗೆಗೆ ಚೌಕಾಸಿ ಮಾಡದೆ ಬಂದದ್ದಕ್ಕೆ ನಾನು ಖುಷಿಪಟ್ಟೆ. ಅವತ್ತು ನಾನು ಖುಷಿಪಟ್ಟದ್ದು ಅಷ್ಟೇ.

ಸವಿತಾಳ ಗಂಡನ ಮನೆ ಒಳ್ಳೆಯ ಕುಳದ್ದು. ಹಣೆಯ ತುಂಬ ವಿಭೂತಿ ಧರಿಸಿದ ಮಾವ ಜಗಲಿಯಲ್ಲಿ ಚಾಪೆ ಹಾಸಿ ಕೂರಿಸಿದರು. ಒಳಗೆ ಬಚ್ಚಲಿನಲ್ಲಿ ನೀರು ಹುಯ್ಯುವ ಸದ್ದು, ಕೂಸಿನ ಅಳು, ಅದನ್ನು ಸಮಾಧಾನ ಮಾಡುವ ಹೆಂಗಸಿನ ದನಿ. “ಆಯ್ತು ಕಣವ್ವ, ಆಯ್ತು, ಇನ್ನೊಂದೇ ಚೊಂಬು.” ಅದು ಪುಟ್ಟತಾಯಮ್ಮನೆಂದು ನಾಗಮಣಿ ಕಣ್ಣಲ್ಲೇ ಹೇಳಿದಳು.

ಎಡವಟ್ಟು ಅಲ್ಲೇ ಆಯಿತು. ಸವಿತಾಳ ಅತ್ತೆ ಗೌರಮ್ಮ ನಗುನಗುತ್ತ ಹೊರಗೆ ಬಂದು, “ಬಾಣಂತಿ ನೋಡಕ್ ಬಂದ್ರಾ? ಬನ್ನಿ ಬನ್ನಿ,” ಎಂದು ಎರಡೂ ಕೈ ನೀಡಿದರು. ಬಾಣಂತಿಗೆಂದು ತಂದದ್ದನ್ನು ಮನೆಯ ಯಜಮಾನಿ ಕೈಯಾರೆ ತೆಗೆದುಕೊಳ್ಳಬೇಕು. ಅದು ಮರ್ಯಾದೆ. ಡಬ್ಬವನ್ನು ನಾಗಮಣಿ ಅರೆಗಳಿಗೆ ಎದೆಗೆ ಒತ್ತಿಕೊಂಡಳು. “ಪುಟ್ಟತಾಯಕ್ಕ ಬರ್ಲಿ, ಅವ್ರ ಕೈಲೇ...” ಎಂದಳು.

“ಅವ್ರು ನೀರಾಕ್ತಾವ್ರೆ. ನಂಗ್ ಕೊಡ್ರವ್ವ, ನಾನೇನ್ ತಿನ್ಕಬುಡ್ತೀನಾ?”

ಕೊಡದೆ ವಿಧಿಯಿರಲಿಲ್ಲ. ಡಬ್ಬ ಅಡುಗೆಮನೆಗೆ ಹೋಯಿತು. ಮಾವ ನನಗೆ ಕಬ್ಬಿನ ಕಟಾವಿನ ಕಷ್ಟ ವಿವರಿಸುತ್ತಿದ್ದರು. ನಾನು ತಲೆಯಾಡಿಸುತ್ತಿದ್ದೆ, ಒಂದು ಮಾತೂ ಕಿವಿಗೆ ಬೀಳುತ್ತಿರಲಿಲ್ಲ.

ಪುಟ್ಟತಾಯಮ್ಮ ಒದ್ದೆ ಸೆರಗು ಹಿಂಡುತ್ತ ಬಂದಳು. ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿತ್ತು. ಮಾತಿಗೆ ಮೊದಲು ಒಂದು ಕೆಮ್ಮು. ನಾಗಮಣಿಯನ್ನು ಕಂಡು ಮುಖ ಅರಳಿತು, ಮರುಕ್ಷಣ ಅವಳ ಬರಿಗೈ ನೋಡಿ ಬಿಳುಪೇರಿತು. “ಯಾವಾಗ್ ಬಂದ್ರಕ್ಕ?” ಎಂದಳು, ಕಣ್ಣು ಮಾತ್ರ ಅಡುಗೆಮನೆಯ ಕಡೆಗಿತ್ತು.

ಗೌರಮ್ಮ ಕಾಫಿ ತಂದರು. ನಾಗಮಣಿಗೆ ಗಂಡನಿಲ್ಲವೆಂದು ತಿಳಿಯದೆ ಕುಂಕುಮವನ್ನೂ ಕೊಟ್ಟರು. ತೊಳೆದು ಒರೆಸಿದ ಡಬ್ಬವನ್ನು ಅವಳ ಕೈಗಿಟ್ಟು, “ಬರೀ ಡಬ್ಬ ಕೊಡ್ಬಾರ್ದು, ಒಸಿ ಬೆಲ್ಲ ಮಡ್ಗಿವ್ನಿ,” ಎಂದರು. ಮೊದಲಿನ ನಗುವೇ ಇತ್ತು. ಮೊಮ್ಮಗಳ ತೂಕದ ವಿಷಯ ಹೇಳಿದರು, ಮತ್ತೆ ಬನ್ನಿ ಎಂದರು. ನನಗೆ ಏನೂ ಆಗಿಲ್ಲವೆಂದೇ ಅನ್ನಿಸಿತು. ಪುಟ್ಟತಾಯಮ್ಮ ಬಾಗಿಲಿಗೆ ಬಂದು ಏನೋ ಹೇಳಹೊರಟಳು. “ಒಳ್ಗೆ ಕೂಸ್ ಅಳ್ತಾ ಅದೆ, ನಾ ನೋಡ್ಕತೀನಿ ಬುಡಿ,” ಎಂದು ಗೌರಮ್ಮ ಅವಳನ್ನು ದಾಟಿ ಒಳಗೆ ಹೋದರು.

ಯಳಂದೂರಿನ ಬಸ್ ಸ್ಟಾಂಡಿನಲ್ಲಿ ನಾಗಮಣಿ ಡಬ್ಬದ ಮುಚ್ಚಳ ತೆಗೆದಳು. ಮೇಲೆ ಎರಡು ಅಚ್ಚು ಬೆಲ್ಲ. ಕೆಳಗೆ ಬಾಳೆಎಲೆಯ ಚೂರಿನಲ್ಲಿ ಸುತ್ತಿ, ದಾರ ಕಟ್ಟಿದ ಒಂದು ಗಂಟು. ಬಿಚ್ಚಿದರೆ ಬಿಳಿ ಡಬ್ಬಿ. ಒಂದು ಮಾತ್ರೆಯೂ ಕಡಿಮೆಯಾಗಿರಲಿಲ್ಲ, ಒಳಗಿನ ಹತ್ತಿ ಹಾಗೆಯೇ ಇತ್ತು. ಚೀಟಿ ಕೆರೆದು ಹಾಕಿದ್ದರೇನು, ಆ ಡಬ್ಬಿ ಯಾವುದೆಂದು ಈ ಸೀಮೆಯಲ್ಲಿ ಹೇಳಬೇಕಾಗಿಲ್ಲ. ನಾಗಮಣಿ ಅಳಲಿಲ್ಲ, ಬೆಲ್ಲವನ್ನೇ ನೋಡುತ್ತ ಕೂತಳು.

“ನಡಿ, ವಾಪಸ್ಸು ಹೋಗಿ ಅವರಿಗೆ ತಿಳಿಸಿ ಹೇಳೋಣ,” ಎಂದೆ. ನನಗೆ ಸಿಟ್ಟು ಬಂದಿತ್ತು.

“ಓಗಿ ಏನಂತ ಏಳೀರಿ ಸಾ? ಅವ್ರು ನಮ್ಮುನ್ನ ಏನೂ ಕೇಳ್ನೇ ಇಲ್ವಲ್ಲ.”

ಪುಟ್ಟತಾಯಮ್ಮನ ಫೋನು ಹೊಡೆದುಕೊಳ್ಳುತ್ತಲೇ ಇತ್ತು, ಎತ್ತುವವರಿಲ್ಲ. ಕೊಳ್ಳೇಗಾಲದ ಬಸ್ಸುಗಳು ಬಂದವು, ಹೋದವು. ಇಬ್ಬರೂ ಹತ್ತಲಿಲ್ಲ. ಎಳನೀರು ಕುಡಿದೆವು. ಅದಕ್ಕೂ ರುಚಿಯಿರಲಿಲ್ಲ. ತುಂತುರು ಶುರುವಾದ ಹೊತ್ತಿಗೆ ಒಂದು ಆಟೋ ಬಂದು ನಿಂತಿತು. ಪುಟ್ಟತಾಯಮ್ಮ ಇಳಿದಳು. ಒಂದು ಕೈಯಲ್ಲಿ ಬಟ್ಟೆಯ ಚೀಲ, ಸುತ್ತಿದ ಚಾಪೆ. ಇನ್ನೊಂದರಲ್ಲಿ ಹಿತ್ತಾಳೆಯ ಚೊಂಬು.

“ಬೈದ್ರಾ?” ಎಂದು ನಾಗಮಣಿ ಕೇಳಿದಳು.

“ಇಲ್ಲ ಕಣಕ್ಕ. ಸುಸ್ತಾಗಿದ್ದೀರಿ, ಊರ್ಗೋಗಿ ಸುಧಾರ್ಸ್ಕಳಿ ಅಂದ್ರು. ಬೀಗ್ರೇ ಆಟೋ ಕರ್ದು ಕುಂಡ್ರುಸುದ್ರು.” ಅವಳು ಚೊಂಬನ್ನು ಎತ್ತಿ ತೋರಿಸಿದಳು. “ಇದ್ರಲ್ಲೇ ಕೂಸ್ಗೆ ನೀರಾಕ್ತಿದ್ದೆ. ಅವ್ರುದೇ ಚೊಂಬು. ನೀವೇ ತಕಂಡೋಗಿ ಅಂದ್ಬುಟ್ರು.”

“ಸವಿತಾ ಏನಂದ್ಲು?”

“ಕೂಸ್ಗೆ ಆಲ್ ಕೊಡ್ತಾ ಕುಂತಿದ್ಲು. ತಲೆ ಎತ್ನಿಲ್ಲ.” ಚಾಪೆಯನ್ನು ಕೆಳಗಿಳಿಸುತ್ತ ತಾನೇ ಹೇಳಿದಳು. “ಅವ್ಳು ತಾನೆ ಏನ್ ಮಾಡಾಳು, ಅಲ್ಲೇ ಬಾಳ್ಬೇಕಲ್ವಾ.”

ಕೊಳ್ಳೇಗಾಲದ ಬಸ್ಸಿನಲ್ಲಿ ನನ್ನ ಬ್ಯಾಗು ಪುಟ್ಟತಾಯಮ್ಮನ ಕಾಲಿನ ಬಳಿ ಇತ್ತು. ತೆರೆದ ಬಾಯಿಂದ ಕರಪತ್ರಗಳ ಅಂಚು ಕಾಣುತ್ತಿತ್ತು. ಆ ಕಟ್ಟು ಬೆಳಗ್ಗೆ ಹೊನ್ನೂರಿನ ಜಗಲಿಯ ಮೇಲೂ ನನ್ನ ಕಾಲಿನ ಬಳಿಯೇ ಇತ್ತು. ಅದನ್ನು ಬಿಚ್ಚುವ ಧೈರ್ಯ ನನಗಾಗಿರಲಿಲ್ಲ. ಬಿಚ್ಚಿದ್ದರೆ ಅವಳ ಗುಟ್ಟು ರಟ್ಟಾಗುತ್ತಿತ್ತೆಂದು ನನ್ನ ಸಮಜಾಯಿಷಿ. ಈಗ ಆ ಗುಟ್ಟೂ ಉಳಿದಿಲ್ಲ.

ಅವಳು ಒಂದು ಹಾಳೆ ಎಳೆದು ನೋಡಿ ವಾಪಸ್ಸು ಇಟ್ಟಳು. “ಇದ್ನ ನಂಗೆ ಸುಮಾರ್ ಕಿತ ಕೊಟ್ಟವ್ರೆ ಸಾ. ಮುಟ್ಟುದ್ರೆ ಬರಲ್ಲ ಅಂತ ನಂಗ್ ಚೆನ್ನಾಗ್ ಗೊತ್ತು. ಗೊತ್ತಿದ್ದುಕ್ಕೇ ಕೂಸ್ನ ಮುಟ್ಟಿದ್ದು. ಗೊತ್ತಿಲ್ದೋರ್ಗೆ ಯಾರ್ ಏಳ್ತಾರೆ?”

ನಾನು ನುಣ್ಣಗೆ ಮಾಡಿದ ಸಾಲು ಕೇಂದ್ರದ ಬೆಂಚಿನ ಮೇಲೆ ಕೂತವರಿಗೇ ಮತ್ತೆ ಮತ್ತೆ ಹೋಗಿದೆ. ಹೊನ್ನೂರಿನ ಆ ಅಡುಗೆಮನೆಗೆ ಅದು ಒಮ್ಮೆಯೂ ಹೋಗಿಲ್ಲ. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು.

ಕೊಳ್ಳೇಗಾಲದಲ್ಲಿ ಇಳಿದಾಗ ದೀಪ ಹತ್ತಿತ್ತು. ತನ್ನ ಮನೆಯಲ್ಲೇ ಉಳಿದುಕೋ ಎಂದು ನಾಗಮಣಿ ಎಷ್ಟು ಹೇಳಿದರೂ ಪುಟ್ಟತಾಯಮ್ಮ ರಾಮಾಪುರಕ್ಕೇ ಹೋಗುತ್ತೇನೆಂದು ಹಟ ಹಿಡಿದಳು. “ಹಂಗಾರೆ ನಾನೂ ಬತ್ತೀನಿ, ಸೋಮ್ವಾರ ಕೇಂದ್ರಕ್ಕೆ ಕರ್ಕಂಡ್ ಬತ್ತೀನಿ,” ಎಂದು ನಾಗಮಣಿ ಸ್ಟೀಲ್ ಡಬ್ಬದಿಂದ ಬಿಳಿ ಡಬ್ಬಿಯನ್ನು ತೆಗೆದು, ಸೆರಗಿನ ಮರೆಯಲ್ಲಿ ಅವಳ ಕೈಗೆ ದಾಟಿಸಿದಳು. ಇಷ್ಟು ವರ್ಷದ ಅಭ್ಯಾಸ.

ಪುಟ್ಟತಾಯಮ್ಮ ನಲ್ಲಿಯ ಹತ್ತಿರ ಹೋಗಿ ಆ ಹಿತ್ತಾಳೆಯ ಚೊಂಬಿಗೆ ನೀರು ಹಿಡಿದಳು. ಜನ ಓಡಾಡುತ್ತಿದ್ದ ಕಡೆಯೇ ದೀಪದ ಕೆಳಗೆ ನಿಂತು ಡಬ್ಬಿಯ ಮುಚ್ಚಳ ತಿರುಗಿಸಿದಳು. ಹತ್ತಿಯನ್ನು ಎಳೆದು ಕೆಳಗೆ ಬಿಸಾಡಿದಳು. ಒಂದು ಮಾತ್ರೆ ಬಾಯಿಗೆ ಹಾಕಿಕೊಂಡು ಚೊಂಬೆತ್ತಿ ನೀರು ಕುಡಿದಳು.

ನಾಗಮಣಿ ಹತ್ತಿಯನ್ನು ಹೆಕ್ಕಲು ಬಗ್ಗಿದಳು. “ಬುಡಕ್ಕ ಅದ್ನ,” ಎಂದಳು ಪುಟ್ಟತಾಯಮ್ಮ. “ಇನ್ಯಾರ್ಗೆ ಬಚ್ಚಿಡ್ಲಿ?”

ಮೈಸೂರಿನ ಬಸ್ಸಿನ ಕಿಟಕಿಯಿಂದ ನಾನು ಕೊನೆಗೆ ಕಂಡದ್ದು ಅವರಿಬ್ಬರ ಬೆನ್ನು. ರಾಮಾಪುರದ ಬಸ್ಸಿಗೆ ಹೋಗಲು ನನ್ನ ಕಿಟಕಿಯ ಪಕ್ಕದಲ್ಲೇ ಹಾದುಹೋದರು. ಪುಟ್ಟತಾಯಮ್ಮನ ಚೀಲದೊಳಗಿಂದ ಹೆಜ್ಜೆ ಹೆಜ್ಜೆಗೂ ಗಲಗಲ ಸದ್ದು ಬರುತ್ತಿತ್ತು. ಎದುರಿಗೆ ಬಂದ ಒಂದಿಬ್ಬರು ತಿರುಗಿ ನೋಡಿದರು. ಅವಳು ಚೀಲವನ್ನು ಅದುಮಿ ಹಿಡಿಯಲಿಲ್ಲ.